ಲೈಂಗಿಕ ಕ್ರೀಡಾಸಾಮಗ್ರಿಗಳ ಶುಚಿತ್ವ

ಲೈಂಗಿಕ ಕ್ರೀಡಾಸಾಮಗ್ರಿಗಳ ಶುಚಿತ್ವ ಎಂದರೆ ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಬಂಧನಕ್ರೀಡೆ ಮೊದಲಾದವುಗಳಲ್ಲಿ (ಕಿಂಕ್, ಬಿಡಿಎಸ್‌ಎಂ) ಬಳಸುವ ವಸ್ತುಗಳನ್ನು ತೊಳೆದು ಸೋಂಕುರಹಿತವಾಗಿಸುವ ಕ್ರಮ. ಹಗ್ಗ, ಮರ, ಚರ್ಮದಂತಹ ಹಲವು ವಸ್ತುಗಳು ಈ ಉದ್ದೇಶಕ್ಕಾಗಿ ತಯಾರಾದವಲ್ಲವಾದ್ದರಿಂದ, ಅವುಗಳ ಶುಚಿತ್ವವನ್ನು ಬಳಕೆದಾರರೇ ನಿರ್ಧರಿಸಬೇಕಾಗುತ್ತದೆ.

ತತ್ತ್ವ

ಅಮೆರಿಕದ ಅರ್ಲ್ ಸ್ಪಾಲ್ಡಿಂಗ್ ಆಸ್ಪತ್ರೆಯ ಉಪಕರಣಗಳನ್ನು ಅವು ತಗಲುವ ಅಂಗಾಂಶಕ್ಕನುಗುಣವಾಗಿ ಮೂರಾಗಿ ವಿಂಗಡಿಸಿದನು. ಅಖಂಡ ಚರ್ಮಕ್ಕೆ ತಗಲುವವು, ಲೋಳೆಪೊರೆಗೆ ತಗಲುವವು ಮತ್ತು ರಕ್ತ ಅಥವಾ ಒಳಅಂಗಾಂಶವನ್ನು ಸೇರುವವು. ಅಪಾಯವು ಇದೇ ಕ್ರಮದಲ್ಲಿ ಹೆಚ್ಚುತ್ತದೆ. ಲೈಂಗಿಕ ಸಾಮಗ್ರಿಗಳಿಗೂ ಈ ತತ್ತ್ವ ಅನ್ವಯಿಸುತ್ತದೆ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಸೋಂಕುಶಕ್ತಿಯನ್ನು ಉಳಿಸಿಕೊಳ್ಳಬಲ್ಲದು. ಆದ್ದರಿಂದ ಒಣಗಿದ ರಕ್ತದ ಕಲೆಯನ್ನೂ ನಿರ್ಲಕ್ಷಿಸಬಾರದು.

ರಂಧ್ರರಹಿತ ವಸ್ತುಗಳು

ತುಕ್ಕುರಹಿತ ಉಕ್ಕು, ಶುದ್ಧ ಸಿಲಿಕೋನ್ ಮತ್ತು ಶಾಖನಿರೋಧಕ ಗಾಜನ್ನು ಮೊದಲು ಸಾಬೂನುನೀರಿನಿಂದ ಉಜ್ಜಿ ತೊಳೆಯಬೇಕು. ಕೊಳೆ ಉಳಿದಲ್ಲಿ ಸೋಂಕುನಾಶಕವು ಫಲಕಾರಿಯಾಗುವುದಿಲ್ಲ. ಮೋಟಾರು ಇಲ್ಲದ ಸಾಧನಗಳನ್ನು ನೀರಿನಲ್ಲಿ ಕುದಿಸಬಹುದು. 70% ಆಲ್ಕೋಹಾಲ್ ಅನೇಕ ಸೂಕ್ಷ್ಮಜೀವಿಗಳನ್ನು ನಾಶಪಡಿಸುತ್ತದೆಯಾದರೂ ಮಾನವ ಪ್ಯಾಪಿಲೋಮಾ ವೈರಾಣುವಿನ (ಎಚ್‌ಪಿವಿ) ವಿರುದ್ಧ ಅದನ್ನು ನೆಚ್ಚಿಕೊಳ್ಳಲಾಗದು. ಕ್ಲೋರಿನ್ ದ್ರಾವಣವು ಲೋಹವನ್ನು ಸವೆಸುವುದರಿಂದ ಬಳಕೆಯ ನಂತರ ಚೆನ್ನಾಗಿ ತೊಳೆಯುವುದು ಅಗತ್ಯ.

ರಂಧ್ರಯುಕ್ತ ವಸ್ತುಗಳು

ಮರ, ಚರ್ಮ, ಸೆಣಬು ಮತ್ತು ತೆಂಗಿನ ನಾರು ತೇವವನ್ನು ಹೀರಿಕೊಳ್ಳುತ್ತವೆ. ಇವುಗಳನ್ನು ಶುಚಿಗೊಳಿಸಬಹುದೇ ಹೊರತು ಮನೆಯಲ್ಲಿ ಪೂರ್ಣ ನಿರ್ಜಂತುಕಗೊಳಿಸಲು ಸಾಧ್ಯವಿಲ್ಲ. ಆದಕಾರಣ ಇವನ್ನು ಅಖಂಡ ಚರ್ಮದ ಮೇಲೆ ಮಾತ್ರ ಬಳಸುವುದು, ಒಬ್ಬರಿಗೆ ಒಂದರಂತೆ ಮೀಸಲಿಡುವುದು ಮತ್ತು ರಕ್ತ ಅಥವಾ ದೇಹದ್ರವ ತಗುಲಿದವನ್ನು ತ್ಯಜಿಸುವುದು ಸುರಕ್ಷಿತ. ಚರ್ಮದ ಪಟ್ಟಿಯನ್ನು ಸೌಮ್ಯ ಸಾಬೂನಿನಿಂದ ಒರೆಸಿ ನೆರಳಿನಲ್ಲಿ ಒಣಗಿಸಬೇಕು.

ತೆಂಗಿನ ಉತ್ಪನ್ನಗಳು

ತುಮಕೂರು ಜಿಲ್ಲೆಯ ಅರಳಗುಪ್ಪೆಯನ್ನೊಳಗೊಂಡ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನಾರಿನ ಹಗ್ಗ, ಕರಟ ಹಾಗೂ ಕೊಬ್ಬರಿ ಎಣ್ಣೆ ದಿನಬಳಕೆಯ ವಸ್ತುಗಳಾಗಿವೆ. ಇವುಗಳ ಗುಣಗಳು ಪ್ರತ್ಯೇಕ ಎಚ್ಚರಿಕೆಯನ್ನು ಬೇಡುತ್ತವೆ.

* ನಾರಿನ ಹಗ್ಗ: ಲಿಗ್ನಿನ್ ಅಂಶ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ಆದರೆ ಇದರ ಒರಟು ಎಳೆಗಳು ಚರ್ಮವನ್ನು ತರಚಿ ಸೋಂಕಿಗೆ ದಾರಿಮಾಡುತ್ತವೆ. ಬಟ್ಟೆಯ ಮೇಲೆ ಕಟ್ಟುವುದು ಅಥವಾ ಮೃದುವಾದ ಹತ್ತಿಯ ಹಗ್ಗವನ್ನು ಬಳಸುವುದು ಲೇಸು.
* ಕರಟ: ನಯಗೊಳಿಸಿದರೂ ಮರದಂತೆ ಸೂಕ್ಷ್ಮರಂಧ್ರಗಳಿರುತ್ತವೆ. ಬಿರುಕಿನ ಅಂಚು ಗಾಯಗೊಳಿಸಬಹುದಾದ್ದರಿಂದ ದೇಹದೊಳಗೆ ಬಳಸಬಾರದು.
* ಕೊಬ್ಬರಿ ಎಣ್ಣೆ: ಎಣ್ಣೆಗಳು ಲ್ಯಾಟೆಕ್ಸ್ ಕಾಂಡೋಮ್ ಹಾಗೂ ಕೈಗವಸುಗಳನ್ನು ಬೇಗನೆ ದುರ್ಬಲಗೊಳಿಸಿ ಹರಿಯುವಂತೆ ಮಾಡುತ್ತವೆ. ಇದರಿಂದ ಗರ್ಭಧಾರಣೆ ಮತ್ತು ಲೈಂಗಿಕ ಸೋಂಕು ಎರಡರ ಅಪಾಯವೂ ಹೆಚ್ಚುತ್ತದೆ. ಲ್ಯಾಟೆಕ್ಸ್ ಜೊತೆ ನೀರು ಅಥವಾ ಸಿಲಿಕೋನ್ ಆಧಾರಿತ ಜಾರುಕವನ್ನೇ ಬಳಸಬೇಕು. ಎಣ್ಣೆಗೆ ಎಣೆಯಾಗಿ ಪಾಲಿಯುರೆಥೇನ್ ಕಾಂಡೋಮ್ ಅಥವಾ ನೈಟ್ರೈಲ್ ಕೈಗವಸು ಸೂಕ್ತ.

ಸಾಮಾನ್ಯ ಮುನ್ನೆಚ್ಚರಿಕೆಗಳು

ದೇಹದೊಳಗೆ ಬಳಸುವ ಸಾಧನಕ್ಕೆ ಕಾಂಡೋಮ್ ತೊಡಿಸಿ, ವ್ಯಕ್ತಿ ಬದಲಾದಾಗಲೂ ಗುದದಿಂದ ಯೋನಿಗೆ ಹೋಗುವ ಮುನ್ನವೂ ಅದನ್ನು ಬದಲಿಸಬೇಕು. ಚರ್ಮವನ್ನು ಭೇದಿಸುವ ಸೂಜಿ, ಅಲಗುಗಳನ್ನು ಮರುಬಳಸಬಾರದು. ತೊಳೆದ ಸಾಮಗ್ರಿ ಪೂರ್ತಿ ಒಣಗಿದ ನಂತರವೇ ಮುಚ್ಚಿಡಬೇಕು. ತೇವ ಉಳಿದಲ್ಲಿ ಬೂಷ್ಟು ಬೆಳೆಯುತ್ತದೆ. ಹುಣ್ಣು, ದುರ್ವಾಸನೆಯ ಸ್ರಾವ ಅಥವಾ ಜ್ವರ ಕಂಡುಬಂದರೆ ವೈದ್ಯರನ್ನು ಕಾಣಬೇಕು. ರಕ್ತ ತಗುಲಿದ ಸಂದರ್ಭದಲ್ಲಿ ಎಚ್‌ಐವಿ ತಡೆ ಔಷಧವನ್ನು 72 ಗಂಟೆಯೊಳಗೆ ಆರಂಭಿಸಬೇಕಾಗಿರುವುದರಿಂದ ವಿಳಂಬ ಸಲ್ಲದು.