ದಿನಬಳಕೆಯ ವಸ್ತುಗಳ ಛಾಯಾಗ್ರಹಣ

ದಿನಬಳಕೆಯ ವಸ್ತುಗಳ ಛಾಯಾಗ್ರಹಣವು ಮನೆ, ಹೊಲ, ಕಾರ್ಖಾನೆ, ಬೀದಿ ಮೊದಲಾದ ಪರಿಚಿತ ಸ್ಥಳಗಳನ್ನೂ ಅಲ್ಲಿ ನಿತ್ಯ ಬಳಕೆಯಲ್ಲಿರುವ ವಸ್ತುಗಳನ್ನೂ ಮುಖ್ಯ ವಿಷಯವಾಗಿ ಉಳ್ಳ ಛಾಯಾಗ್ರಹಣ ಪ್ರಕಾರ. ಅಪರೂಪದ ದೃಶ್ಯ, ಪ್ರಸಿದ್ಧ ವ್ಯಕ್ತಿ ಅಥವಾ ದೊಡ್ಡ ಘಟನೆಯನ್ನು ಇದು ಅವಲಂಬಿಸುವುದಿಲ್ಲ. ಹಗ್ಗ, ಚಪ್ಪಲಿ, ಪೊರಕೆ, ಕಂಬಳಿ, ಬಾಗಿಲು, ಕಿಟಕಿ ಮುಂತಾದವುಗಳೇ ಇದರ ವಸ್ತು. ಇಂತಹ ವಸ್ತುವಿನ ಅರ್ಥವು ಅದರ ಆಕಾರಕ್ಕೆ ಸೀಮಿತವಲ್ಲ. ಅದನ್ನು ಮಾಡಿದ ಕೈ, ಬಳಸಿದ ಕಾಲ ಮತ್ತು ಇರುವ ಸ್ಥಳಗಳೊಂದಿಗಿನ ಸಂಬಂಧದಿಂದ ಅದು ಹೊಮ್ಮುತ್ತದೆ.

ಕರ್ನಾಟಕದ ವಾಯವ್ಯ ಗಡಿಯಲ್ಲಿರುವ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಲ್ಲಿ ಈ ಸಂಬಂಧವನ್ನು ಸ್ಪಷ್ಟವಾಗಿ ಕಾಣಬಹುದು. ಈ ಭಾಗದ ತಂಬಾಕು ಕಾರ್ಖಾನೆ, ಹಗ್ಗ, ಸನಾದಿ ಮತ್ತು ಚರ್ಮದ ಚಪ್ಪಲಿಗಳು ಸಾಕ್ಷ್ಯಚಿತ್ರಗಳ ಹಾಗೂ ಛಾಯಾವರದಿಗಳ ವಿಷಯವಾಗಿವೆ.

ಹಿನ್ನೆಲೆ

ಪರಿಚಿತ ಸ್ಥಳವನ್ನು ಚಿತ್ರಿಸುವ ರೂಢಿ ಛಾಯಾಗ್ರಹಣದಷ್ಟೇ ಹಳೆಯದು. ಉಳಿದುಬಂದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರವೆಂದು ಪರಿಗಣಿಸಲಾಗುವ, ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಸುಮಾರು 1826–27ರಲ್ಲಿ ತೆಗೆದ ಚಿತ್ರವು ಆತನ ಮನೆಯ ಕಿಟಕಿಯಿಂದ ಕಾಣುತ್ತಿದ್ದ ಛಾವಣಿಗಳದ್ದಾಗಿದೆ. ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ 1844ರಲ್ಲಿ ತೆಗೆದ ‘ತೆರೆದ ಬಾಗಿಲು’ ಎಂಬ ಚಿತ್ರದಲ್ಲಿ ಬಾಗಿಲ ಬಳಿ ಒರಗಿಸಿಟ್ಟ ಒಂದು ಪೊರಕೆ ಮುಖ್ಯವಾಗಿ ಕಾಣುತ್ತದೆ. ಡಚ್ ಚಿತ್ರಕಾರರು ದಿನನಿತ್ಯದ ದೃಶ್ಯಗಳನ್ನು ಬಣ್ಣದಲ್ಲಿ ಮೂಡಿಸಿದ್ದನ್ನು ನೆನಪಿಸಿ, ಸಾಮಾನ್ಯ ವಸ್ತುವೂ ಕಲೆಗೆ ಯೋಗ್ಯವೆಂದು ಟಾಲ್ಬಟ್ ಈ ಚಿತ್ರದ ಮೂಲಕ ವಾದಿಸಿದರು.

ಮುಂದೆ ಈ ಪ್ರಕಾರವು ಹಲವು ದಿಕ್ಕುಗಳಲ್ಲಿ ಬೆಳೆಯಿತು. ಯೂಜೀನ್ ಅಟ್ಜೆ (1857–1927) ಹಳೆಯ ಪ್ಯಾರಿಸ್ ನಗರದ ಅಂಗಡಿ, ಮೆಟ್ಟಿಲು ಮತ್ತು ಬೀದಿಗಳನ್ನು ಮೂರು ದಶಕಗಳ ಕಾಲ ದಾಖಲಿಸಿದರು. ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗಿಟ್ಟು ತೆಗೆದ ಚಿತ್ರದಲ್ಲಿ ಅದರ ಮಡಿಕೆಗಳು ಶಿಲ್ಪದಂತೆ ಕಾಣುತ್ತವೆ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಜೆಕ್ ಛಾಯಾಗ್ರಾಹಕ ಯೋಸೆಫ್ ಸುದೆಕ್, 1940ರಿಂದ 1954ರವರೆಗೆ ತಮ್ಮ ಕಾರ್ಯಾಗಾರದ ಕಿಟಕಿಯನ್ನೇ ಮತ್ತೆ ಮತ್ತೆ ಚಿತ್ರಿಸಿದರು. ವಾಕರ್ ಇವಾನ್ಸ್ 1955ರಲ್ಲಿ ‘ಫಾರ್ಚೂನ್’ ಪತ್ರಿಕೆಗಾಗಿ ಸಾಮಾನ್ಯ ಕೈಸಲಕರಣೆಗಳ ಚಿತ್ರಮಾಲೆಯನ್ನು ರೂಪಿಸಿದರು. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಡೆದ ವಿಲಿಯಂ ಎಗಲ್‌ಸ್ಟನ್ ಅವರ ವರ್ಣಚಿತ್ರ ಪ್ರದರ್ಶನದ ನಂತರ ಮಗುವಿನ ತ್ರಿಚಕ್ರ ಸೈಕಲ್ಲಿನಂತಹ ವಸ್ತುಗಳೂ ಕಲಾ ಛಾಯಾಗ್ರಹಣದ ಚರ್ಚೆಯೊಳಗೆ ಬಂದವು.

ಭಾರತದಲ್ಲಿ ಬರೋಡಾದ ಕಲಾವಿದ ಜ್ಯೋತಿ ಭಟ್ (ಜನನ 1934) 1960ರ ದಶಕದ ಉತ್ತರಾರ್ಧದಿಂದ ಹಳ್ಳಿಗಳ ಗೋಡೆಚಿತ್ರ ಮತ್ತು ರಂಗೋಲಿಗಳನ್ನು ಅವುಗಳನ್ನು ಬಿಡಿಸಿದವರೊಂದಿಗೆ ದಾಖಲಿಸಿದರು. ಕರ್ನಾಟಕದಲ್ಲಿ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ನಿತ್ಯಜೀವನದ ಚಿತ್ರಗಳಿಗೆ ಹೆಸರಾದರು. ಅವರಿಗೆ 1977ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಮಕ್ಕಳನ್ನು ಕುರಿತ ಅವರ ಚಿತ್ರಗಳ ಪ್ರದರ್ಶನವು 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ನಡೆಯಿತು.

ವಿಧಾನ

ಪರಿಚಿತ ವಸ್ತುವನ್ನು ಜನರು ನೋಡುವುದಕ್ಕಿಂತ ಹೆಚ್ಚಾಗಿ ಬಳಸುತ್ತಾರೆ. ಅಭ್ಯಾಸದಿಂದ ಕಣ್ಣಿಗೆ ಬೀಳದೆ ಹೋದದ್ದನ್ನು ಮತ್ತೆ ಗಮನಕ್ಕೆ ತರಲು ಛಾಯಾಗ್ರಾಹಕರು ಸಾಮಾನ್ಯವಾಗಿ ಈ ಕ್ರಮಗಳನ್ನು ಅನುಸರಿಸುತ್ತಾರೆ:

ಬೆಳಕು: ಬೆಳಗ್ಗೆ ಮತ್ತು ಸಂಜೆ ಓರೆಯಾಗಿ ಬೀಳುವ ಬೆಳಕಿನಲ್ಲಿ ಸಣ್ಣ ಏರಿಳಿತಗಳಿಗೂ ನೆರಳು ಮೂಡುವುದರಿಂದ ಹಗ್ಗದ ಹುರಿ, ಕಂಬಳಿಯ ನೇಯ್ಗೆ ಮತ್ತು ಚರ್ಮದ ಸುಕ್ಕು ಎದ್ದು ಕಾಣುತ್ತವೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಈ ವಿವರಗಳು ಬಹುಮಟ್ಟಿಗೆ ಮರೆಯಾಗುತ್ತವೆ.

ದೂರ ಮತ್ತು ಕೋನ: ಹತ್ತಿರದಿಂದ ತೆಗೆದ ಚಿತ್ರ ವಸ್ತುವಿನ ಸವೆತವನ್ನು ತೋರಿಸಿದರೆ, ದೂರದಿಂದ ತೆಗೆದದ್ದು ಅದು ಇರುವ ಮನೆ ಅಥವಾ ಅಂಗಳವನ್ನು ತೋರಿಸುತ್ತದೆ. ದಾಖಲೆಯ ದೃಷ್ಟಿಯಿಂದ ಎರಡೂ ಅಗತ್ಯ.

ಕೈಯ ಸಾನ್ನಿಧ್ಯ: ಚೌಕಟ್ಟಿನಲ್ಲಿ ಕೆಲಸ ಮಾಡುವ ಕೈ ಇದ್ದಾಗ ವಸ್ತುವಿನ ಗಾತ್ರ, ಬಳಕೆ ಮತ್ತು ಶ್ರಮ ಏಕಕಾಲದಲ್ಲಿ ತಿಳಿಯುತ್ತವೆ.

ಪುನರ್ಭೇಟಿ: ಒಂದೇ ಸ್ಥಳವನ್ನು ಬೇರೆ ಬೇರೆ ಋತುಗಳಲ್ಲಿ ಅಥವಾ ವರ್ಷಗಳಲ್ಲಿ ಚಿತ್ರಿಸಿದರೆ ಒಂದು ಚಿತ್ರದಲ್ಲಿ ಕಾಣದ ಬದಲಾವಣೆ ಗೋಚರವಾಗುತ್ತದೆ.

ಅಡಿಬರಹ: ಊರು, ದಿನಾಂಕ, ವಸ್ತುವಿನ ಸ್ಥಳೀಯ ಹೆಸರು ಮತ್ತು ಒಪ್ಪಿಗೆ ಇದ್ದಲ್ಲಿ ತಯಾರಕರ ಹೆಸರು ಅಡಿಬರಹದಲ್ಲಿರಬೇಕು. ಇವಿಲ್ಲದ ಚಿತ್ರ ಕಾಲಾಂತರದಲ್ಲಿ ಬರಿಯ ಅಲಂಕಾರವಾಗಿ ಉಳಿಯುತ್ತದೆ.

ಚಿಕ್ಕೋಡಿ ಪರಿಸರದಲ್ಲಿ

ಚಿಕ್ಕೋಡಿ ಪರಿಸರದ ಐದು ತಾಲೂಕುಗಳು ಮಹಾರಾಷ್ಟ್ರದ ಕೊಲ್ಹಾಪುರ ಮತ್ತು ಸಾಂಗ್ಲಿ ಜಿಲ್ಲೆಗಳ ಸಮೀಪದಲ್ಲಿವೆ. ಕನ್ನಡ ಮತ್ತು ಮರಾಠಿ ಎರಡೂ ಇಲ್ಲಿ ಬಳಕೆಯಲ್ಲಿದ್ದು, ಒಂದೇ ವಸ್ತುವಿಗೆ ಎರಡು ಹೆಸರುಗಳಿರುವುದು ಸಾಮಾನ್ಯ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳ ನೀರಿನಿಂದ ಕಬ್ಬು ಪ್ರಧಾನ ಬೆಳೆಯಾಗಿದೆ.

ನಿಪ್ಪಾಣಿಯ ತಂಬಾಕು

ನಿಪ್ಪಾಣಿಯು ಬೀಡಿ ತಂಬಾಕಿನ ವ್ಯಾಪಾರಕ್ಕೆ ಹೆಸರಾದ ಪಟ್ಟಣ. 1981ರಲ್ಲಿ ಶರದ್ ಜೋಶಿ ಅವರ ನೇತೃತ್ವದಲ್ಲಿ ತಂಬಾಕು ಬೆಳೆಗಾರರು ಬೆಲೆಗಾಗಿ ಇಲ್ಲಿ ದೊಡ್ಡ ಚಳವಳಿ ನಡೆಸಿದರು. ಇದೇ ಅವಧಿಯಲ್ಲಿ ತಂಬಾಕು ಕಾರ್ಖಾನೆಗಳ ಮಹಿಳಾ ಕಾರ್ಮಿಕರೂ ಸಂಘಟಿತರಾದರು. ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಅವರಿದ್ದ ‘ಯುಗಾಂತರ್’ ಚಲನಚಿತ್ರ ತಂಡವು ಈ ಕಾರ್ಮಿಕರೊಂದಿಗೆ ನಾಲ್ಕು ತಿಂಗಳು ಕಳೆದು, 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರವನ್ನು ನಿರ್ಮಿಸಿತು.

ಇದು ಸ್ಥಿರಚಿತ್ರವಲ್ಲದಿದ್ದರೂ ಪರಿಚಿತ ಸ್ಥಳವನ್ನು ನೋಡುವ ಕ್ರಮಕ್ಕೆ ಉತ್ತಮ ನಿದರ್ಶನ. ಕಾರ್ಮಿಕರಿಗೆ ಕಾರ್ಖಾನೆಯ ಒಳಭಾಗ ಪ್ರತಿದಿನದ ಸ್ಥಳ, ಹೊರಗಿನವರಿಗೆ ಕಾಣದ ಸ್ಥಳ. ಅಲ್ಲಿನ ಕೆಲಸದ ಸ್ಥಿತಿಯನ್ನು ಚಿತ್ರವು ಕಾರ್ಮಿಕರ ಮಾತುಗಳೊಂದಿಗೆ ಮುಂದಿಡುತ್ತದೆ. ಅವರಿಗೆ ಸಾಮಾನ್ಯವಾಗಿದ್ದ ವಾತಾವರಣ ಈ ಮೂಲಕ ಸಾರ್ವಜನಿಕ ಚರ್ಚೆಯ ವಿಷಯವಾಯಿತು.

ಹಗ್ಗ, ಜಾಳಿಗೆ ಮತ್ತು ಸನಾದಿ

ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ‘ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ’ (ಪರಿ) ಗ್ರಾಮೀಣ ಭಾರತದ ದುಡಿಮೆ ಮತ್ತು ಕುಶಲಕಲೆಗಳ ಸಂಗ್ರಹವಾಗಿದ್ದು, ಕನ್ನಡದಲ್ಲಿಯೂ ಲಭ್ಯವಿದೆ. ಕೊಲ್ಹಾಪುರ ಮೂಲದ ಪತ್ರಕರ್ತ ಹಾಗೂ ಛಾಯಾಗ್ರಾಹಕ ಸಂಕೇತ್ ಜೈನ್ ಇದಕ್ಕಾಗಿ ಗಡಿಭಾಗದ ಹಲವು ಹಳ್ಳಿಗಳ ಕುಶಲಕರ್ಮಿಗಳನ್ನು ದಾಖಲಿಸಿದ್ದಾರೆ. ಬೋರಗಾಂವದ ಹಗ್ಗ ತಯಾರಕರು, ಕಾರದಗಾದಲ್ಲಿ ಕೈಯಿಂದ ಜಾಳಿಗೆ ಹೆಣೆಯುವ ಕುರಿಗಾಹಿ ಮತ್ತು ಮಾಣಕಾಪುರದ ಸನಾದಿ ತಯಾರಕ ಇವರಲ್ಲಿ ಸೇರುತ್ತಾರೆ. ಉತ್ತರ ಭಾರತದಲ್ಲಿ ಶಹನಾಯಿ ಎನ್ನಲಾಗುವ ವಾದ್ಯವನ್ನು ಉತ್ತರ ಕರ್ನಾಟಕದಲ್ಲಿ ಸನಾದಿ ಎನ್ನುತ್ತಾರೆ.

ಇಂತಹ ಛಾಯಾವರದಿಗಳಲ್ಲಿ ಒಂದು ವಸ್ತುವನ್ನು ಹಂತಹಂತವಾಗಿ ತೋರಿಸಲಾಗುತ್ತದೆ: ಕಚ್ಚಾ ಸಾಮಗ್ರಿ, ಸಲಕರಣೆ, ಕೈಗಳ ಚಲನೆ ಮತ್ತು ಸಿದ್ಧ ವಸ್ತು. ಹಗ್ಗವು ರೈತನ ಮನೆಯಲ್ಲಿ ಯಾರೂ ಗಮನಿಸದ ವಸ್ತು. ಎತ್ತಿನ ಕೆಲಸವನ್ನು ಟ್ರ್ಯಾಕ್ಟರ್ ಮಾಡತೊಡಗಿದಾಗ ಮೂಗುದಾರ, ಕಣ್ಣಿ ಮತ್ತು ಬಾರಕೋಲುಗಳ ಬೇಡಿಕೆ ಕುಗ್ಗುತ್ತದೆ, ಹೊಸೆಯುವವರ ಜೀವನೋಪಾಯವೂ ಕುಗ್ಗುತ್ತದೆ. ಹೀಗಾಗಿ ಹಗ್ಗದ ಒಂದು ಚಿತ್ರವು ಕೃಷಿಯ ಯಾಂತ್ರೀಕರಣದ ದಾಖಲೆಯೂ ಆಗುತ್ತದೆ.

ಅಥಣಿಯ ಚಪ್ಪಲಿ

ಅಥಣಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಕೈಯಿಂದ ಹೊಲಿದ ಚರ್ಮದ ಚಪ್ಪಲಿಗಳನ್ನು ತಯಾರಿಸಲಾಗುತ್ತದೆ. ಇವು ಮಾರುಕಟ್ಟೆಯಲ್ಲಿ ‘ಕೊಲ್ಹಾಪುರಿ’ ಎಂಬ ಹೆಸರಿನಿಂದ ಪ್ರಸಿದ್ಧ. ಕೊಲ್ಹಾಪುರಿ ಚಪ್ಪಲಿಗೆ ದೊರೆತಿರುವ ಭೌಗೋಳಿಕ ಸೂಚಿಕೆಯ ವ್ಯಾಪ್ತಿಯಲ್ಲಿ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಹಾಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿವೆ.

2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಪಾದರಕ್ಷೆಗಳನ್ನು ಮೂಲವನ್ನು ಹೆಸರಿಸದೆ ತೋರಿಸಿದಾಗ ಭಾರತದಲ್ಲಿ ಆಕ್ಷೇಪಗಳು ವ್ಯಕ್ತವಾದವು. ವಿನ್ಯಾಸಕ್ಕೆ ಭಾರತದ ಸಾಂಪ್ರದಾಯಿಕ ಚಪ್ಪಲಿ ಪ್ರೇರಣೆಯೆಂದು ಸಂಸ್ಥೆ ನಂತರ ಒಪ್ಪಿಕೊಂಡಿತು. ಈ ಪ್ರಕರಣವು ಚಿತ್ರದ ಅರ್ಥ ಅಡಿಬರಹವನ್ನು ಎಷ್ಟು ಅವಲಂಬಿಸಿದೆ ಎಂಬುದನ್ನು ತೋರಿಸುತ್ತದೆ. ಊರಿನ ಹೆಸರಿಲ್ಲದ ಚಪ್ಪಲಿಯ ಚಿತ್ರ ಕೇವಲ ಒಂದು ವಿನ್ಯಾಸ. ಊರು, ಕುಶಲಕರ್ಮಿ ಮತ್ತು ತಯಾರಿಕೆಯ ಕ್ರಮ ದಾಖಲಾದ ಚಿತ್ರ ಆ ವಿನ್ಯಾಸ ಎಲ್ಲಿಯದು ಎಂಬುದಕ್ಕೆ ಸಾಕ್ಷಿ.

ನದೀತೀರ ಮತ್ತು ಜಾತ್ರೆಯ ಬಯಲು

ಕೃಷ್ಣಾ ತೀರದ ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಹಳ್ಳಿಗಳು 2005, 2019 ಮತ್ತು 2021ರಲ್ಲಿ ಪ್ರವಾಹಕ್ಕೆ ತುತ್ತಾದವು. ಪ್ರವಾಹದ ಸುದ್ದಿಚಿತ್ರಗಳು ಸಾಮಾನ್ಯವಾಗಿ ಮುಳುಗಿದ ಸೇತುವೆ ಮತ್ತು ದೋಣಿಗಳನ್ನು ತೋರಿಸುತ್ತವೆ. ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿಯುವ ಕೆಸರಿನ ಗೆರೆ, ಒಣಗಲು ಹಾಕಿದ ಹಾಸಿಗೆ ಮತ್ತು ಮೊಳಕೆಯೊಡೆದ ಜೋಳ ಮನೆಯೊಂದರ ನಷ್ಟವನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತವೆ. ಅದೇ ಗೋಡೆಯನ್ನು ಮುಂದಿನ ವರ್ಷಗಳಲ್ಲಿ ಚಿತ್ರಿಸಿದರೆ ದುರಸ್ತಿ ಅಥವಾ ವಲಸೆಯ ಕುರುಹುಗಳು ದೊರೆಯುತ್ತವೆ.

ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕದೇವಿ ಜಾತ್ರೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರಗಳಿಂದ ಭಕ್ತರು ಬರುತ್ತಾರೆ. ಜಾತ್ರೆಯಲ್ಲಿ ಹಾರುವ ಭಂಡಾರದ ಹಳದಿ ಬಣ್ಣ ಬೇಗನೆ ಕ್ಯಾಮೆರಾವನ್ನು ಸೆಳೆಯುತ್ತದೆ. ದಿನಬಳಕೆಯ ವಸ್ತುಗಳನ್ನು ಹುಡುಕುವ ಛಾಯಾಗ್ರಾಹಕರಿಗೆ ನಿಲ್ಲಿಸಿದ ಚಕ್ಕಡಿ, ಮೂರು ಕಲ್ಲಿನ ಒಲೆ ಮತ್ತು ಜಾತ್ರೆ ಮುಗಿದ ನಂತರದ ಬಯಲು ಸಹ ಅಷ್ಟೇ ಮುಖ್ಯವಾಗುತ್ತವೆ.

ವಿಮರ್ಶೆ

ಈ ಪ್ರಕಾರದ ಮೇಲಿರುವ ಪ್ರಮುಖ ಆಕ್ಷೇಪವೆಂದರೆ ಅದು ಬಡತನ ಮತ್ತು ಶ್ರಮವನ್ನು ಸುಂದರ ದೃಶ್ಯವಾಗಿಸುತ್ತದೆ ಎಂಬುದು. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1977ರಲ್ಲಿ ಪ್ರಕಟವಾದ ‘ಆನ್ ಫೋಟೋಗ್ರಫಿ’ ಕೃತಿಯಲ್ಲಿ ಕ್ಯಾಮೆರಾದ ಈ ಪ್ರವೃತ್ತಿಯನ್ನು ಪ್ರಶ್ನಿಸಿದ್ದಾರೆ. ಸವೆದ ಚಪ್ಪಲಿ ಅಥವಾ ಬಿರುಕುಬಿಟ್ಟ ಗೋಡೆ ನೋಡುಗನಿಗೆ ಆಕರ್ಷಕವಾಗಿ ಕಂಡರೂ ಅದರೊಂದಿಗೆ ಬದುಕುವವರಿಗೆ ಅದು ಕೊರತೆಯ ಗುರುತಾಗಿರಬಹುದು.

ಮರೆಯಾಗುತ್ತಿರುವುದನ್ನು ಮಾತ್ರ ಚಿತ್ರಿಸುವುದರಿಂದ ಹಳ್ಳಿಯೆಂದರೆ ಗತಕಾಲ ಎಂಬ ಭಾವನೆ ಬೆಳೆಯುತ್ತದೆ ಎಂಬುದು ಎರಡನೆಯ ಆಕ್ಷೇಪ. ಪ್ಲಾಸ್ಟಿಕ್ ಕೊಡ, ಮೊಬೈಲ್ ಚಾರ್ಜರ್ ಮತ್ತು ಕಬ್ಬು ಹೇರಿದ ಟ್ರ್ಯಾಕ್ಟರ್ ಟ್ರಾಲಿಗಳೂ ಇಂದಿನ ನಿತ್ಯಜೀವನದ ವಸ್ತುಗಳೇ. ಇವುಗಳನ್ನು ಚೌಕಟ್ಟಿನಿಂದ ಹೊರಗಿಟ್ಟರೆ ದಾಖಲೆ ಅಪೂರ್ಣವಾಗುತ್ತದೆ.

ಮನೆಯೊಳಗಿನ ವಸ್ತುಗಳನ್ನು ಚಿತ್ರಿಸುವಾಗ ಮನೆಯವರ ಒಪ್ಪಿಗೆ ಪಡೆಯುವುದು, ಚಿತ್ರ ಎಲ್ಲಿ ಪ್ರಕಟವಾಗುವುದೆಂದು ತಿಳಿಸುವುದು ಮತ್ತು ಸಾಧ್ಯವಾದರೆ ಅವರಿಗೆ ಅದರ ಪ್ರತಿಯನ್ನು ನೀಡುವುದು ಉತ್ತಮ ರೂಢಿಯೆಂದು ಪರಿಗಣಿತವಾಗಿದೆ.

ಇವನ್ನೂ ನೋಡಿ

ಟಿ. ಎಸ್. ಸತ್ಯನ್
ಸಾಕ್ಷ್ಯಚಿತ್ರ
ಕೊಲ್ಹಾಪುರಿ ಚಪ್ಪಲಿ
ನಿಪ್ಪಾಣಿ
ಅಥಣಿ
ಚಿಕ್ಕೋಡಿ