ಔಷಧದಂಗಡಿ: ಸುರಕ್ಷತೆ ಮತ್ತು ಗುಣಮಟ್ಟ

ಔಷಧವನ್ನು ಬಳಕೆದಾರರಿಗೆ ನೇರವಾಗಿ ಮಾರುವ, ಸರ್ಕಾರದ ಪರವಾನಗಿ ಪಡೆದ ಚಿಲ್ಲರೆ ಅಂಗಡಿಗೆ ಔಷಧದಂಗಡಿ ಎಂದು ಹೆಸರು. ಆಡುಮಾತಿನಲ್ಲಿ ಇದು ಮೆಡಿಕಲ್ ಶಾಪ್ ಅಥವಾ ಮೆಡಿಕಲ್ಸ್. ಇಲ್ಲಿ ಗುಣಮಟ್ಟವೆಂದರೆ ಎರಡು ಸಂಗತಿ. ಕಾರ್ಖಾನೆಯಿಂದ ಹೊರಟಾಗ ಔಷಧಕ್ಕಿದ್ದ ಸತ್ವ ಗಿರಾಕಿಯ ಕೈ ಸೇರುವವರೆಗೂ ಕೆಡದೆ ಉಳಿಯಬೇಕು. ಮತ್ತು ವೈದ್ಯರ ಚೀಟಿಯಲ್ಲಿ ಬರೆದ ಔಷಧವೇ, ಅದನ್ನು ತೆಗೆದುಕೊಳ್ಳುವ ಕ್ರಮದ ಸಮೇತ, ರೋಗಿಗೆ ತಲುಪಬೇಕು. ಭಾರತದ ಕಾನೂನು ಮೊದಲನೆಯದರ ಬಗ್ಗೆ ಎಂಟು ದಶಕಗಳಿಂದ ವಿವರವಾಗಿ ಮಾತಾಡುತ್ತ ಬಂದಿದೆ. ಎರಡನೆಯದರತ್ತ ಅದರ ಗಮನ ಹರಿದದ್ದು ಈಚೆಗೆ.

ಕಾನೂನಿನ ಹಿನ್ನೆಲೆ

ಕಲಬೆರಕೆ ಮತ್ತು ಕಳಪೆ ಔಷಧಗಳ ದೂರುಗಳನ್ನು ಪರಿಶೀಲಿಸಲು ಬ್ರಿಟಿಷ್ ಸರ್ಕಾರ 1930ರಲ್ಲಿ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ವರದಿ ಮರುವರ್ಷವೇ ಬಂದರೂ ಔಷಧ ಕಾಯಿದೆ ಬರಲು 1940ರವರೆಗೆ ಕಾಯಬೇಕಾಯಿತು. ಅದರ ನಿಯಮಗಳು 1945ರಲ್ಲೂ ಫಾರ್ಮಸಿಸ್ಟರ ಶಿಕ್ಷಣ ಮತ್ತು ನೋಂದಣಿಗೆ ಸಂಬಂಧಿಸಿದ ಫಾರ್ಮಸಿ ಕಾಯಿದೆ 1948ರಲ್ಲೂ ಬಂದವು.

1945ರ ನಿಯಮಗಳಲ್ಲಿ ಅಂಗಡಿಯ ಬೋರ್ಡಿಗೇ ಒಂದು ಕಟ್ಟಳೆಯಿದೆ. ಊರೂರಲ್ಲಿ ಕಾಣುವ ‘ಕೆಮಿಸ್ಟ್ಸ್ ಅಂಡ್ ಡ್ರಗ್ಗಿಸ್ಟ್ಸ್’ ಎಂಬ ಬರಹ ಮಾಲೀಕರು ಇಷ್ಟಪಟ್ಟು ಇಟ್ಟುಕೊಂಡ ಹೆಸರೆಂದು ಅನೇಕರು ತಿಳಿದಿದ್ದಾರೆ. ಆದರೆ 65ನೆಯ ನಿಯಮದ ಪ್ರಕಾರ, ನೋಂದಾಯಿತ ಫಾರ್ಮಸಿಸ್ಟ್ ಇದ್ದು ಚೀಟಿ ನೋಡಿ ಔಷಧ ಬೆರೆಸಿ ತಯಾರಿಸುವ ವ್ಯವಸ್ಥೆ ಇಲ್ಲದ ಅಂಗಡಿ ಹಾಕಬೇಕಾದ ಬೋರ್ಡು ಅದು. ಫಾರ್ಮಸಿಸ್ಟರ ಅಗತ್ಯವೇ ಇಲ್ಲದ ಔಷಧಗಳನ್ನಷ್ಟೇ ಮಾರುವವರು ‘ಡ್ರಗ್‌ಸ್ಟೋರ್’ ಎಂದು ಬರೆಯಬೇಕು. ‘ಫಾರ್ಮಸಿ’ ಎಂಬ ಹೆಸರು ಸಲ್ಲುವುದು ಫಾರ್ಮಸಿಸ್ಟ್ ಇದ್ದು, ಔಷಧ ಬೆರೆಸುವ ಕೋಣೆಯನ್ನೂ ಇಟ್ಟುಕೊಂಡವರಿಗೆ ಮಾತ್ರ. ಆ ಕೋಣೆಯಲ್ಲಿ ಏನೇನಿರಬೇಕೆಂದು ನಿಯಮಗಳ ‘ಎನ್’ ಅನುಸೂಚಿ ಪಟ್ಟಿ ಮಾಡುತ್ತದೆ: 30 ಮಿಲಿಗ್ರಾಂ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ, ಗಾಜಿನ ಕಲ್ಬತ್ತು, ಮುಲಾಮು ಅರೆಯುವ ಪಿಂಗಾಣಿ ಹಲಗೆ, ಲಿಟ್ಮಸ್ ಕಾಗದ, ನೀರನ್ನು ಬಟ್ಟಿ ಇಳಿಸುವ ಸಾಧನ. ಕಂಪೌಂಡರು ಮಿಕ್ಸ್‌ಚರ್ ಬೆರೆಸಿ, ಸೀಸೆಯ ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದೊಂದು ಹಲ್ಲಿಗೆ ಒಂದೊಂದು ವೇಳೆಯ ಔಷಧ ಎಂದು ಹೇಳಿ ಕೊಡುತ್ತಿದ್ದ ಕಾಲದ ಪಟ್ಟಿ ಇದು. ಸಿದ್ಧ ಮಾತ್ರೆಗಳು ಬಂದ ಮೇಲೆ ಕಲ್ಬತ್ತು ಮೂಲೆ ಸೇರಿತು. ಬೋರ್ಡುಗಳ ಈ ಭೇದವನ್ನು ಇಂದು ಪಾಲಿಸುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ.

ಸ್ಥಳ ಮತ್ತು ದಾಸ್ತಾನು

ಚಿಲ್ಲರೆ ಅಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು. ಸಗಟು ವ್ಯಾಪಾರವೂ ಸೇರಿದ್ದರೆ 15. ಇನ್ಸುಲಿನ್, ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಫ್ರಿಜ್ ಇದ್ದ ಮಾತ್ರಕ್ಕೆ ಇದು ಸಾಧ್ಯವಾಗುವುದಿಲ್ಲ. ಮನೆಬಳಕೆಯ ಫ್ರಿಜ್ಜಿನ ಬಾಗಿಲಲ್ಲಿಟ್ಟ ಔಷಧ ಬಾಗಿಲು ತೆರೆದಾಗಲೆಲ್ಲ ಬಿಸಿಯಾಗುತ್ತದೆ. ಮಂಜುಗಡ್ಡೆಯ ಪೆಟ್ಟಿಗೆಗೆ ತಾಗಿದ್ದು ಹೆಪ್ಪುಗಟ್ಟುತ್ತದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಬಳಸಬಾರದು. ಹಾಗಾಗಿ ಒಳಗೊಂದು ಥರ್ಮಾಮೀಟರ್ ಇಟ್ಟು ಬೆಳಿಗ್ಗೆ ಸಂಜೆ ಉಷ್ಣತೆ ಬರೆದಿಡುವುದು ಒಳ್ಳೆಯ ರೂಢಿ. ಅನೇಕ ಮಾತ್ರೆಗಳ ಮೇಲೆ 30 ಡಿಗ್ರಿಗಿಂತ ಕೆಳಗಿಡಿ ಎಂದು ಅಚ್ಚಾಗಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ತಗಡಿನ ಮಾಡಿನ ಅಂಗಡಿ ಈ ಸೂಚನೆಯನ್ನು ಪಾಲಿಸುವುದು ಹೇಗೆಂಬ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆನ್ನಬಹುದು.

ಬಿಡಿ ಮಾತ್ರೆ ಮಾರಾಟದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಎಷ್ಟೋ ಸ್ಟ್ರಿಪ್‌ಗಳ ಒಂದು ತುದಿಯಲ್ಲಿ ಮಾತ್ರ ಇರುತ್ತವೆ. ಅನುಭವಿ ಅಂಗಡಿಯವರು ಎದುರು ತುದಿಯಿಂದ ಕತ್ತರಿಸಿ, ದಿನಾಂಕವಿರುವ ತುಂಡನ್ನು ಕೊನೆಯವರೆಗೆ ಉಳಿಸಿಕೊಳ್ಳುತ್ತಾರೆ. ಆದರೂ ನಾಲ್ಕು ಮಾತ್ರೆ ಒಯ್ದ ಗಿರಾಕಿಗೆ ಯಾವ ದಿನಾಂಕವೂ ಕಾಣುವುದಿಲ್ಲ. ಬಿಲ್ ಕೇಳಿ ಪಡೆದರೆ ಬ್ಯಾಚ್ ಸಂಖ್ಯೆ, ದಿನಾಂಕ ಅದರಲ್ಲಿ ಸಿಗುತ್ತವೆ.

ಔಷಧ ಕೊಡುವಾಗಿನ ತಪ್ಪುಗಳು

ಹೆಸರುಗಳ ಹೋಲಿಕೆ ದೊಡ್ಡ ಅಪಾಯ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮತ್ತು ಸೋಂಕಿನ ಮೆಟ್ರೋನಿಡಜೋಲ್ ಅವಸರದ ಕೈಬರಹದಲ್ಲಿ ಒಂದೇ ಆಗಿ ಕಾಣಬಲ್ಲವು. ವೈದ್ಯರು ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ಸೂಚಿಸಿತು. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್‌ನದು ಬೇರೆಯದೇ ತೊಂದರೆ: ವಾರಕ್ಕೊಮ್ಮೆ ನುಂಗಬೇಕಾದ ಇದನ್ನು ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಲೆಕ್ಕದಲ್ಲಿ ಕವರಿನ ಮೇಲೆ 1-0-1 ಎಂದು ಗೀಚುವ ನಮ್ಮ ಅಂಗಡಿಗಳ ಪದ್ಧತಿಯಲ್ಲಿ ವಾರಕ್ಕೆ ಜಾಗವಿಲ್ಲ. ‘ಸೋಮವಾರ ಮಾತ್ರ’ ಎಂದು ಕನ್ನಡದಲ್ಲಿ ಬರೆದು, ಬಾಯಲ್ಲೂ ಹೇಳಿ, ರೋಗಿಯಿಂದಲೇ ಮತ್ತೆ ಹೇಳಿಸುವುದು ಕ್ಷೇಮ. ರೋಗಿಗೆ ಹೀಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿ ವಿವರವಾಗಿ ವಿಧಿಸಿತು. ಗೋಡೆಯಲ್ಲಿ ಸರ್ಟಿಫಿಕೇಟು ತೂಗುಹಾಕಿ ಫಾರ್ಮಸಿಸ್ಟರೇ ಇಲ್ಲದ ಅಂಗಡಿಗಳಲ್ಲಿ ಇದು ಕಾಗದದಲ್ಲೇ ಉಳಿದಿದೆ.

‘ಎಚ್’ ಅನುಸೂಚಿಯ ಔಷಧಗಳನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ. ಪ್ರಬಲ ಆ್ಯಂಟಿಬಯಾಟಿಕ್, ಕ್ಷಯದ ಔಷಧ ಮೊದಲಾದ 46 ಔಷಧಗಳಿಗಾಗಿ 2014ರ ಮಾರ್ಚ್ 1ರಿಂದ ‘ಎಚ್1’ ಜಾರಿಗೆ ಬಂತು. ಇವುಗಳನ್ನು ಮಾರಿದಾಗ ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು.

ಪರೀಕ್ಷೆ ಮತ್ತು ಹೊಣೆ

ಔಷಧ ಪರಿವೀಕ್ಷಕರು ಅಂಗಡಿಯಿಂದ ಮಾದರಿ ಪಡೆದಾಗ ಅದನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕುತ್ತಾರೆ. ಒಂದು ಅಂಗಡಿಯವರಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ಬೇಕಾದಾಗ ನ್ಯಾಯಾಲಯಕ್ಕೆ, ಇನ್ನೊಂದು ಅಂಗಡಿಯವರು ಯಾರಿಂದ ಕೊಂಡೆವೆಂದು ತಿಳಿಸುತ್ತಾರೋ ಅವರಿಗೆ. ವಿಶ್ಲೇಷಕರ ವರದಿಯನ್ನು ಒಪ್ಪದವರು ಅದು ಕೈಸೇರಿದ 28 ದಿನಗಳೊಳಗೆ ತಿಳಿಸಬೇಕು. ವ್ಯಾಜ್ಯ ಮುಂದುವರಿದರೆ ನ್ಯಾಯಾಲಯದಲ್ಲಿರುವ ಪಾಲು ಕೋಲ್ಕತ್ತದ ಕೇಂದ್ರೀಯ ಔಷಧ ಪ್ರಯೋಗಾಲಯಕ್ಕೆ ಹೋಗುತ್ತದೆ. ಅಲ್ಲಿಯ ತೀರ್ಮಾನವೇ ಕೊನೆ. ಔಷಧ ಕಳಪೆಯೆಂದು ಸಾಬೀತಾದರೂ, ಪರವಾನಗಿ ಉಳ್ಳವರಿಂದಲೇ ಕೊಂಡಿದ್ದು, ಸರಿಯಾಗಿ ದಾಸ್ತಾನು ಮಾಡಿದ್ದು, ದೋಷ ತಿಳಿಯದೆ ಇದ್ದುದನ್ನು ತೋರಿಸಿದ ಅಂಗಡಿಯವರಿಗೆ 1940ರ ಕಾಯಿದೆಯ 19ನೆಯ ಕಲಮಿನಡಿ ರಕ್ಷಣೆ ಇದೆ. ಬಿಲ್ಲಿಲ್ಲದೆ ಅಗ್ಗಕ್ಕೆ ಸಿಕ್ಕ ಸರಕನ್ನು ಕೊಂಡವರಿಗೆ ಈ ರಕ್ಷಣೆ ಸಿಗುವುದಿಲ್ಲ.

ಔಷಧದ ಅಡ್ಡಪರಿಣಾಮಗಳನ್ನು ರೋಗಿಗಳೂ ರಾಷ್ಟ್ರೀಯ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ 1800-180-3024 ಸಂಖ್ಯೆಗೆ ತಿಳಿಸಬಹುದು. ಕೊಂಡ ಔಷಧದ ಮೇಲೆಯೇ ಅನುಮಾನ ಬಂದರೆ ಅದೇ ಕಾಯಿದೆಯ 26ನೆಯ ಕಲಮಿನ ಪ್ರಕಾರ ಯಾವುದೇ ವ್ಯಕ್ತಿ ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು.