ಇಟಲಿಯ ಬಟ್ಟಲು, ಗೋಣಿಬೀಡಿನ ಒಲೆ

ಮೂಡಿಗೆರೆಯಿಂದ ಗೋಣಿಬೀಡಿನ ಕಡೆಗೆ ಹೋಗುವವರ ಕಣ್ಣಿಗೆ ಎರಡು ಬಗೆಯ ನೆಲ ಬೀಳುವುದು. ಗುಡ್ಡದ ಇಳಿಜಾರಿನಲ್ಲಿ, ದೊಡ್ಡ ಮರಗಳ ನೆರಳಿನಡಿಯಲ್ಲಿ, ಕಾಫಿಯ ಗಿಡಗಳು. ಎರಡು ಗುಡ್ಡಗಳ ನಡುವಣ ತಗ್ಗಿನಲ್ಲಿ ಗದ್ದೆಯ ಬಯಲು. ಮೇಲಿನ ನೆಲದ ಫಲವು ಕಡಲಾಚೆಯ ಪೇಟೆಗೆ. ಕೆಳಗಿನ ನೆಲದ ಫಲವು ಮನೆಯ ಕಣಜಕ್ಕೆ. ಈ ಎರಡು ನೆಲಗಳ ಸಂಬಂಧವನ್ನು ತಿಳಿಯದೆ ಮಲೆನಾಡಿನ ಚರಿತ್ರೆಯನ್ನು ತಿಳಿಯುವಂತಿಲ್ಲ. ಆರ್ಥಿಕ ಮುಗ್ಗಟ್ಟು ಒದಗಿದ ಕಾಲದಲ್ಲಂತೂ ಈ ಸಂಬಂಧವು ಎಷ್ಟು ಮುಖ್ಯವಾದುದೆಂಬುದು ಒಲೆಯ ಮೇಲಿನ ಪಾತ್ರೆಯಲ್ಲಿಯೇ ಕಾಣುವುದು. ಈ ಭಾಷಣದಲ್ಲಿ ನಾವು ಅಂಥ ಒಂದು ಕಾಲವನ್ನು, ಎಂದರೆ 1929ರಿಂದ ಎರಡನೆಯ ಮಹಾಯುದ್ಧದ ಕೊನೆಯವರೆಗಿನ ವರ್ಷಗಳನ್ನು, ಎರಡು ಅಡುಗೆಮನೆಗಳಲ್ಲಿ ನಿಂತು ನೋಡಲು ಯತ್ನಿಸುವೆವು. ಒಂದು ಗೋಣಿಬೀಡಿನ ಸೀಮೆಯದು. ಇನ್ನೊಂದು ಇಟಲಿ ದೇಶದ್ದು.

ಇಟಲಿಯನ್ನೇ ಏಕೆ ಆರಿಸಿಕೊಳ್ಳಬೇಕೆಂದು ಶ್ರೋತೃಗಳು ಕೇಳಬಹುದು. ಭಾರತದ ಕಾಫಿಯನ್ನು ಇಂದು ಎಲ್ಲರಿಗಿಂತ ಹೆಚ್ಚಾಗಿ ಕೊಳ್ಳುವ ದೇಶ ಇಟಲಿ. ನಮ್ಮ ಬೆಟ್ಟಗಳ ಬೀಜವು ಆ ದೇಶದ ಬಟ್ಟಲನ್ನು ತುಂಬುವುದು. ಅಲ್ಲಿಂದ ಬಂದ ಹಣವು ಇಲ್ಲಿಯ ಸಂಸಾರಗಳನ್ನು ನಡೆಸುವುದು. ಇಂಥ ನಂಟುಳ್ಳ ಎರಡು ಮನೆಗಳು ಕಷ್ಟಕಾಲದಲ್ಲಿ ಹೇಗೆ ಬಾಳಿದುವೆಂಬುದನ್ನು ಹೋಲಿಸಿ ನೋಡುವುದು ಅಪ್ರಯೋಜಕವಾಗಲಾರದು.

ಬಾಬಾ ಬುಡನ್ ಎಂಬ ಸಂತರು ಹದಿನೇಳನೆಯ ಶತಮಾನದಲ್ಲಿ ಅರಬ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ದೊರೆಗಳೂ ಊರಿನ ಗೌಡರೂ ಕಾಡನ್ನು ಸವರಿ ತೋಟಗಳನ್ನು ಎಬ್ಬಿಸಿದರು. ಈ ಸೀಮೆಯ ಕಾಫಿಯು ಕೊಟ್ಟಿಗೆಹಾರವನ್ನು ದಾಟಿ, ಚಾರ್ಮಾಡಿ ಘಾಟಿಯನ್ನು ಇಳಿದು, ಮಂಗಳೂರನ್ನು ಸೇರುತ್ತಿತ್ತು. ಅದೇ ದಾರಿಯಲ್ಲಿ ಉಪ್ಪು, ಒಣಮೀನು, ತೆಂಗಿನಕಾಯಿಗಳು ಮೇಲಕ್ಕೆ ಬರುತ್ತಿದ್ದುವು. ಮೇಸ್ತ್ರಿಗಳಿಂದ ಮುಂಗಡ ಪಡೆದ ಆಳುಗಳು ಘಟ್ಟದ ಕೆಳಗಿನಿಂದ ಬಂದು ತೋಟದ ಲೈನುಮನೆಗಳಲ್ಲಿ ನೆಲೆಸುತ್ತಿದ್ದರು. ಹೀಗೆ ಒಂದು ಕಾಫಿ ಬೀಜವನ್ನು ನಂಬಿ ಬೆಳೆಗಾರ, ಸಾಹುಕಾರ, ಮೇಸ್ತ್ರಿ, ಆಳು ಎಂಬ ನಾಲ್ಕು ಬಗೆಯ ಜನರು ಉಣ್ಣುತ್ತಿದ್ದರು.

1929ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಅದೇ ಹೊತ್ತಿಗೆ ಬ್ರೆಜಿಲ್ ದೇಶದಲ್ಲಿ ಕಾಫಿಯ ಬೆಳೆ ಮಿತಿಮೀರಿತ್ತು. ಕೊಳ್ಳುವವರಿಲ್ಲದೆ ಬೆಲೆಯು ನೆಲಕಚ್ಚಲು, ಆ ದೇಶದ ಸರ್ಕಾರವು ಕಾಫಿಯನ್ನು ರಾಶಿ ಹಾಕಿ ಸುಡಿಸಿತು, ಕಡಲಿಗೆ ಸುರಿಸಿತು, ರೈಲಿನ ಇಂಜಿನಿಗೆ ಸೌದೆಯಂತೆ ಹಾಕಿಸಿತು. 1931ರಿಂದ 1944ರವರೆಗೆ ಹೀಗೆ ನಾಶವಾದ ಕಾಫಿಯು ಸುಮಾರು 7 ಕೋಟಿ 80 ಲಕ್ಷ ಮೂಟೆ. ಒಂದೊಂದು ಮೂಟೆಯೂ 60 ಕಿಲೋ ತೂಕದ್ದು. ಅಷ್ಟು ದೂರದ ಆ ಬೆಂಕಿಯ ಬಿಸಿಯು ನಮ್ಮ ಬೆಟ್ಟಗಳಿಗೂ ತಟ್ಟಿತು. ಬೆಳೆಯ ಮೇಲೆ ಸಾಹುಕಾರರಿಂದ ಮೊದಲೇ ಹಣ ತಂದು ತಿಂದಿದ್ದ ಸಣ್ಣ ಬೆಳೆಗಾರನಿಗೆ, ಕಾಫಿಯನ್ನು ಕೊಟ್ಟ ಮೇಲೂ ಸಾಲ ತೀರದಂತಾಯಿತು. ತೋಟದ ಅಗತೆ, ಗೊಬ್ಬರ, ಮರಗಸಿ ಮೊದಲಾದ ಕೆಲಸಗಳು ಕಡಿಮೆಯಾದಷ್ಟೂ ಆಳಿನ ಕೂಲಿಯ ದಿನಗಳು ಕಡಿಮೆಯಾದುವು. ಬೆಳೆಗಾರರ ಕಷ್ಟವನ್ನು ಮನಗಂಡು 1935ರಲ್ಲಿ ಕಾಫಿ ಸೆಸ್ ಕಾನೂನು ಬಂದಿತು. ಪರದೇಶವನ್ನೇ ನಂಬಿ ಕೂಡದೆ ನಮ್ಮ ಜನಕ್ಕೇ ಕಾಫಿ ಕುಡಿಸಬೇಕೆಂಬ ಆಲೋಚನೆಯಿಂದ 1936ರಲ್ಲಿ ಮುಂಬಯಿಯಲ್ಲಿ ಇಂಡಿಯಾ ಕಾಫಿ ಹೌಸ್ ತೆರೆಯಿತು.

ಈಗ ಇಟಲಿಯ ಕಡೆಗೆ ತಿರುಗೋಣ. ಇಲ್ಲಿ ಕಾಫಿ ರಾಶಿ ಬಿದ್ದಿದ್ದರೆ ಅಲ್ಲಿ ಅದು ಮಾಯವಾಗುತ್ತಿತ್ತು. ಮುಸ್ಸೋಲಿನಿಯ ಸರ್ಕಾರವು 1925ರಲ್ಲಿಯೇ ‘ಗೋಧಿಯ ಸಮರ’ವನ್ನು ಸಾರಿ, ಹೊರಗಿನ ಧಾನ್ಯವನ್ನು ತಡೆಯಲು ಸುಂಕ ಹೇರಿತ್ತು. ಗೋಧಿಯ ಬೆಳೆಯೇನೋ ಹೆಚ್ಚಿತು. ಆದರೆ ಉತ್ತರ ಇಟಲಿಯ ಬಡವರ ತಟ್ಟೆಯಲ್ಲಿ ಮೊದಲಿನಂತೆ ‘ಪೊಲೆಂಟಾ’ವೇ ಉಳಿಯಿತು. ಕುದಿಯುವ ನೀರಿಗೆ ಮೆಕ್ಕೆಜೋಳದ ಹಿಟ್ಟನ್ನು ಸುರಿದು, ಕೋಲಿನಿಂದ ತೊಳಸಿ ಗಟ್ಟಿಮಾಡಿದ ಈ ತಿನಿಸು ನಮ್ಮ ರಾಗಿಮುದ್ದೆಯ ದೂರದ ಬಂಧು. ಗೋಧಿಯನ್ನು ಉಳಿಸುವುದಕ್ಕೂ ಪೊ ನದಿಯ ಬಯಲಿನ ಭತ್ತವನ್ನು ಮಾರುವುದಕ್ಕೂ ಸರ್ಕಾರವು 1931ರಲ್ಲಿ ಅಕ್ಕಿಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆಯನ್ನು ಸ್ಥಾಪಿಸಿ, ಅಕ್ಕಿಯನ್ನು ಉಣ್ಣಿರೆಂದು ಪ್ರಜೆಗಳಿಗೆ ಬೋಧಿಸಿತು. ಅದಕ್ಕೆ ಒಂದು ವರ್ಷ ಮೊದಲೇ ಮರಿನೆಟ್ಟಿ ಎಂಬ ಕವಿಯು, ಶಾವಿಗೆಯಂಥ ಪಾಸ್ತಾವು ಜನಾಂಗವನ್ನು ಜಡವನ್ನಾಗಿ ಮಾಡುವುದೆಂದು ಅದರ ಮೇಲೆ ಯುದ್ಧ ಹೂಡಿದ್ದನು. ಒತ್ತುಶಾವಿಗೆಯನ್ನು ಮೆಚ್ಚಿ ತಿನ್ನುವ ನಮ್ಮ ಮಲೆನಾಡಿಗರು ಇದನ್ನು ಕೇಳಿದ್ದರೆ ನಕ್ಕುಬಿಡುತ್ತಿದ್ದರು!

1935ರ ಅಕ್ಟೋಬರಿನಲ್ಲಿ ಇಟಲಿಯು ಇಥಿಯೋಪಿಯಾ ದೇಶದ ಮೇಲೆ ದಂಡೆತ್ತಿಹೋಯಿತು. ಕಾಫಿಯ ಗಿಡದ ತವರೇ ಇಥಿಯೋಪಿಯಾ ಎಂಬುದನ್ನು ಇಲ್ಲಿ ನೆನೆಯಬೇಕು. ರಾಷ್ಟ್ರಸಂಘವು ಇಟಲಿಯ ಮೇಲೆ ವ್ಯಾಪಾರದ ನಿರ್ಬಂಧಗಳನ್ನು ವಿಧಿಸಿತು. ಪರದೇಶದ ಹಣಕ್ಕೆ ಅಭಾವ ಉಂಟಾಯಿತು. ಅದೇ ವರ್ಷ ಡಿಸೆಂಬರ್ 18ರಂದು ಇಟಲಿಯ ಹೆಂಗಸರು ತಮ್ಮ ಮದುವೆಯ ಉಂಗುರಗಳನ್ನು ಬಿಚ್ಚಿ ರಾಷ್ಟ್ರಕ್ಕೆ ಒಪ್ಪಿಸಿದರು. ಮಾಂಗಲ್ಯಕ್ಕೆ ಸಮನಾದ ವಸ್ತುವೂ ಬೊಕ್ಕಸಕ್ಕೆ ಹೋದ ಮೇಲೆ, ಕಾಫಿಗೆಂದು ಚಿನ್ನವೆಲ್ಲಿಯದು? ಹುರಿದ ಬಾರ್ಲಿ, ಚಿಕೋರಿ ಬೇರುಗಳ ಪುಡಿಯೇ ಅನೇಕ ಮನೆಗಳಲ್ಲಿ ಕಾಫಿಯ ಹೆಸರನ್ನು ಹೊತ್ತಿತು. ಇಂದು ಇಟಲಿಯ ಮನೆಮನೆಯಲ್ಲಿಯೂ ಕಾಣುವ, ಒಲೆಯ ಮೇಲಿಟ್ಟು ಕಾಫಿ ಇಳಿಸುವ ‘ಮೋಕಾ’ ಎಂಬ ಅಲ್ಯೂಮಿನಿಯಮ್ ಪಾತ್ರೆಯನ್ನು ಬಿಯಾಲೆಟ್ಟಿಯವರು ಹೊರತಂದುದು 1933ರಲ್ಲಿ, ಇಂಥ ಬಡತನದ ನಡುವೆಯೇ. ಹೊಸದಾಗಿ ಹುಟ್ಟಿದ್ದ ಮಹಿಳಾ ಪತ್ರಿಕೆಗಳು ಮಾಂಸವಿಲ್ಲದ ಸಾರು, ತಂಗಳು ಬ್ರೆಡ್ಡಿನ ಅಡುಗೆ ಮೊದಲಾದುವನ್ನು ಕಲಿಸತೊಡಗಿದುವು. ಉಳಿದ ಬ್ರೆಡ್ಡನ್ನು ನೀರಿನಲ್ಲಿ ನೆನಸಿ, ಈರುಳ್ಳಿ, ಎಣ್ಣೆ ಬೆರಸುವ ಟಸ್ಕನಿಯ ಒಕ್ಕಲಗಿತ್ತಿಗೂ, ತಂಗಳನ್ನಕ್ಕೆ ಒಗ್ಗರಣೆ ಹಾಕುವ ನಮ್ಮ ಗೃಹಿಣಿಗೂ ಇರುವ ಅಂತರ ಅಲ್ಪವೇ ಸರಿ.

1940ರ ಜೂನ್ ತಿಂಗಳಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. 1941ರ ಅಕ್ಟೋಬರಿನಿಂದ ಅಲ್ಲಿಯ ಸಾಮಾನ್ಯ ಪ್ರಜೆಗೆ ದಿನಕ್ಕೆ 200 ಗ್ರಾಂ ಬ್ರೆಡ್ಡು ಎಂದು ಗೊತ್ತಾಯಿತು. ಮರುವರ್ಷದ ಮಾರ್ಚಿಯಲ್ಲಿ ಅದು 150 ಗ್ರಾಮಿಗೆ ಇಳಿಯಿತು. ಮಿಲಾನ್ ನಗರದ ಪ್ರಧಾನ ಚರ್ಚಿನ ಮುಂದಣ ಚೌಕದಲ್ಲಿಯೂ ಗೋಧಿಯನ್ನು ಬೆಳೆದರು. ಆಫ್ರಿಕದ ಮರಳುಗಾಡಿನಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಸಾವಿರಗಟ್ಟಲೆಯಾಗಿ ತಂದು ಇರಿಸಿದುದು ನಮ್ಮ ಬೆಂಗಳೂರಿನ ಸುತ್ತಣ ಶಿಬಿರಗಳಲ್ಲಿ. ಊರಿನಲ್ಲಿ ಕಾಫಿಯಿಲ್ಲದೆ ಬಾರ್ಲಿ ಕುಡಿಯುತ್ತಿದ್ದ ಆ ದೇಶದ ಮಕ್ಕಳು, ಮಾರಲಾಗದ ಕಾಫಿಯು ಮೂಟೆಗಳಲ್ಲಿ ಬಿದ್ದಿದ್ದ ಸೀಮೆಗೆ ಹತ್ತಿರವಾಗಿಯೇ ಸೆರೆಯಲ್ಲಿದ್ದರು. ವಿನಿಮಯದ ದಾರಿ ಕಡಿದುಹೋದರೆ ಲೋಕ ಹೇಗಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಯುರೋಪಿನ ಪೇಟೆ ಮುಚ್ಚಿದುದರಿಂದ ಭಾರತ ಸರ್ಕಾರವು 1940ರಲ್ಲಿ ಆಜ್ಞೆಯೊಂದನ್ನು ಹೊರಡಿಸಿ, 1942ರ ಕಾನೂನಿನಿಂದ ಅದನ್ನು ಸ್ಥಿರಗೊಳಿಸಿತು. ಬೆಳೆಗಾರನು ತನ್ನ ಕಾಫಿಯನ್ನು ಒಂದು ಸಾಮಾನ್ಯ ರಾಶಿಗೆ, ಎಂದರೆ ‘ಪೂಲಿ’ಗೆ, ಒಪ್ಪಿಸಬೇಕು, ಮಂಡಳಿಯು ಅದನ್ನು ಮಾರಿ ಕಂತುಕಂತಾಗಿ ಹಣ ಕೊಡಬೇಕು, ಇದು ಆ ಏರ್ಪಾಡಿನ ಸಾರ. ಕಾಫಿ ಬೋರ್ಡಿನ ಹುಟ್ಟು ಇಲ್ಲಿಯದು. ಆದರೆ ಕಂತಿನ ಹಣವು ಅಕ್ಕಿಯಾಗಬೇಕಾದರೆ ಅಕ್ಕಿ ಎಲ್ಲಿಯಾದರೂ ಇರಬೇಕಷ್ಟೆ! 1942ರಲ್ಲಿ ಬರ್ಮಾ ಜಪಾನೀಯರ ವಶವಾಗಲು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಲೆವಿ, ಪಡಿತರ ಚೀಟಿ ಎಂಬ ಮಾತುಗಳು ಮನೆಮಾತಾದುವು. ಗೋಧಿಯುಣ್ಣುವ ಇಟಲಿಯವರಿಗೆ ಅಲ್ಲಿಯ ಸರ್ಕಾರ ಅಕ್ಕಿಯನ್ನು ಬೋಧಿಸಿದಂತೆ, ಅಕ್ಕಿಯುಣ್ಣುವ ದಕ್ಷಿಣದವರ ಚೀಲಕ್ಕೆ ಇಲ್ಲಿ ಗೋಧಿ ಬಿದ್ದಿತು.

ಇಂಥ ದಿನಗಳಲ್ಲಿ ಮಲೆನಾಡಿನ ಒಲೆಯನ್ನು ಆರದಂತೆ ಉಳಿಸಿದುದು ಯಾವುದು? ಮೊದಲನೆಯದು ತಗ್ಗಿನ ಗದ್ದೆ. ಗದ್ದೆಯುಳ್ಳವನು ಕಾಫಿಗೆ ಬೆಲೆಯಿಲ್ಲದಿದ್ದರೂ ಕಡುಬನ್ನೂ ಅಕ್ಕಿರೊಟ್ಟಿಯನ್ನೂ ಕಂಡನು. ಎರಡನೆಯದು ಯಾವ ಲೆಕ್ಕದ ಪುಸ್ತಕಕ್ಕೂ ಸೇರದ ಬೇಲಿಯ, ಹಿತ್ತಿಲ, ಕಾಡಿನ ಫಲ. ಮಳೆಗಾಲದ ಕಳಲೆ, ಕೆಸುವಿನ ಸೊಪ್ಪು, ಅಣಬೆ, ಗದ್ದೆಯಂಚಿನ ಏಡಿ, ಬೂದಿಯಲ್ಲಿ ಸುಟ್ಟ ಹಲಸಿನ ಬೀಜ, ಗೆಣಸು. ಇವುಗಳನ್ನು ಯಾವಾಗ ಕೀಳಬೇಕು, ತುರಿಕೆ ಹೋಗುವಂತೆ ಹೇಗೆ ಹುಳಿ ಹಾಕಿ ಬೇಯಿಸಬೇಕು, ಕಳಲೆಯನ್ನು ಎಷ್ಟು ದಿನ ನೀರಿನಲ್ಲಿ ಇಡಬೇಕು ಎಂಬ ಜ್ಞಾನವೆಲ್ಲವೂ ಅಜ್ಜಿಯಿಂದ ಸೊಸೆಗೆ ಬಂದುದು. ಸಕ್ಕರೆಯಿಲ್ಲದಲ್ಲಿ ಕಾಫಿಗೆ ಬೆಲ್ಲ ಬಿದ್ದಿತು. ಆದರೆ ಲೈನುಮನೆಯ ಆಳಿಗೆ ಗದ್ದೆಯೂ ಇರಲಿಲ್ಲ, ಹಿತ್ತಿಲೂ ಇರಲಿಲ್ಲ, ಇದ್ದುದು ಕೂಲಿಯೊಂದೇ. ಕೂಲಿ ಕಡಿಮೆಯಾದಾಗ ಅವನ ಪಾತ್ರೆಯ ಗಂಜಿಯಲ್ಲಿ ನೀರು ಹೆಚ್ಚಾಯಿತು. ಮುಗ್ಗಟ್ಟಿನ ಭಾರವು ಎಲ್ಲರ ಮೇಲೂ ಬಿದ್ದರೂ ಸಮನಾಗಿ ಬೀಳಲಿಲ್ಲವೆಂಬುದನ್ನು ಚರಿತ್ರೆಯು ಮರೆಯಕೂಡದು.

ಆದುದರಿಂದ ನಮಗೆ ತೋರುವ ಸಿದ್ಧಾಂತವಿದು: ಬೆಲೆಯನ್ನು ಕಾಯುವುದು ಒಂದು ಬಗೆಯ ರಕ್ಷಣೆ, ಹೊಟ್ಟೆಯನ್ನು ಕಾಯುವುದು ಇನ್ನೊಂದು ಬಗೆಯದು. ಮೊದಲನೆಯದನ್ನು ಸರ್ಕಾರಗಳೂ ಮಂಡಳಿಗಳೂ ಮಾಡಬಲ್ಲವು. ಎರಡನೆಯದಕ್ಕೆ ನೆಲವೂ ಬೇಕು, ಮನೆಯ ತಿಳಿವಳಿಕೆಯೂ ಬೇಕು.

ಇದು ಹಳೆಯ ಕಥೆಯೆಂದು ತಳ್ಳಿಬಿಡುವಂತಿಲ್ಲ. 1989ರಲ್ಲಿ ಕಾಫಿಯ ಅಂತರರಾಷ್ಟ್ರೀಯ ಕೋಟಾ ಒಪ್ಪಂದ ಮುರಿದುಬಿದ್ದಿತು. 1996ರ ವೇಳೆಗೆ ನಮ್ಮ ಪೂಲಿನ ಪದ್ಧತಿಯೂ ಕೊನೆಗಂಡಿತು. 2001-02ರಲ್ಲಿ ಲೋಕದ ಪೇಟೆಯ ಸರಾಸರಿ ಬೆಲೆಯು ಪೌಂಡಿಗೆ 50 ಸೆಂಟಿಗಿಂತಲೂ ಕೆಳಗಿಳಿದಾಗ, ಈ ಬೆಟ್ಟಗಳ ಸಣ್ಣ ಹಿಡುವಳಿದಾರರು ತಮ್ಮ ಹಿರಿಯರ ಕಷ್ಟವನ್ನು ಮತ್ತೆ ಕಂಡರು. ಅನಂತರ ಬೆಲೆ ಏರಿದೆ. 2024ರಿಂದೀಚೆಗೆ ಬಹಳವಾಗಿಯೇ ಏರಿತು. ಆದರೆ ಈ ನಡುವೆ ಎಷ್ಟೋ ಗದ್ದೆಗಳು ಅಡಕೆಯ ತೋಟಗಳಾಗಿವೆ, ಶುಂಠಿಯ ಮಡಿಗಳಾಗಿವೆ, ಉಳುವವರಿಲ್ಲದೆ ಬೀಳುಬಿದ್ದಿವೆ. ಭತ್ತದಲ್ಲಿ ಲಾಭವಿಲ್ಲವೆಂದು ಹೇಳುವವನ ಲೆಕ್ಕ ತಪ್ಪೆಂದು ನಾವು ಹೇಳಲಾರೆವು. ಒಳ್ಳೆಯ ವರ್ಷದ ಲೆಕ್ಕ ಅದು. ಕೆಟ್ಟ ವರ್ಷದ ಲೆಕ್ಕವನ್ನು ಬಲ್ಲವರು ಹಿಂದಿನ ಅಡುಗೆಮನೆಯವರು. ಅವರಲ್ಲಿ ಬಹುಮಂದಿ ಈಗ ಇಲ್ಲ.

ಹೇಮಾವತಿಯು ಈ ಸೀಮೆಯ ನೀರನ್ನು ಹೊತ್ತು ಕೆಳನಾಡಿಗೆ ಹರಿಯುವಂತೆ, ಇಲ್ಲಿಯ ಕಾಫಿಯೂ ಇಟಲಿಗೆ ಹರಿಯುತ್ತಿರಲಿ. ಅಲ್ಲಿಯ ಬಟ್ಟಲು ತುಂಬಲಿ. ಆದರೆ ಗುಡ್ಡದ ಬೆಳೆಯನ್ನು ಲೋಕದ ಪೇಟೆಗೆ ಒಪ್ಪಿಸುವ ಊರು, ತಗ್ಗಿನ ಒಂದು ತುಂಡು ಗದ್ದೆಯನ್ನಾದರೂ ತನ್ನ ಒಲೆಗೆಂದು ಇಟ್ಟುಕೊಳ್ಳುವುದು ವಿವೇಕವೆಂದೇ ಆ ಹದಿನಾರು ವರ್ಷಗಳ ಚರಿತ್ರೆಯು ನಮಗೆ ಹೇಳುತ್ತಿರುವಂತೆ ಕಾಣುವುದು.